ಒಂದು ಸೆಕೆಂಡಿನ ಜೀರುಂಡೆ

ಜನವರಿ 4

ಒಗುಚಿ ಮಿಹೋ. ಒಗುಚಿ ಮಿಹೋ. ಒಗುಚಿ ಮಿಹೋ.

ಮೂರು ಸಲ ಬರೆದೆ. ಮೊದಲನೆಯದು ಯಾರದೋ ಹೆಸರಿನ ಹಾಗಿತ್ತು, ಮೂರನೆಯದು ನನ್ನದೇ! ಮದುವೆಯಾಗಿ ಇವತ್ತಿಗೆ ಐವತ್ತು ದಿನ, ಈ ಮನೆಗೆ ಬಂದು ಎರಡು ದಿನ. ಅಡಿಯಲ್ಲಿ ಹೀಟರ್ ಇರುವ ಬಿಸಿಮೇಜಿನ ರಜಾಯಿಯೊಳಗೆ ಕಾಲು ಚಾಚಿ ಕುಳಿತಿದ್ದೇನೆ. ಪಕ್ಕದಲ್ಲಿ ತಾಕುಮಾ ಕಿತ್ತಳೆ ಸುಲಿದು ಸುಲಿದು ನನ್ನ ಬಾಯಿಗೆ ಹಾಕುತ್ತಿದ್ದಾನೆ. ಅವನ ಕಿವಿಗಳು ಎಷ್ಟು ಚೆಂದ ಅಂದರೆ, ಇಂಥ ಕಿವಿ ಇರುವವನಿಗೆ ಕಿವಿಯ ಕೆಲಸವೇ ಸಿಕ್ಕಿರುವುದು ನ್ಯಾಯ. ಹೊಸ ಎಲೆಕ್ಟ್ರಾನಿಕ್ ಕ್ಯಾಮೆರಾಗಳ ಒಳಗೆ ಏನೂ ಅಲ್ಲಾಡುವುದಿಲ್ಲವಂತೆ, ಶಬ್ದವೇ ಇಲ್ಲವಂತೆ. ಆದರೆ ಶಬ್ದವಿಲ್ಲದಿದ್ದರೆ ಜನಕ್ಕೆ ಫೋಟೋ ಬಿತ್ತು ಅನ್ನಿಸುವುದಿಲ್ಲ. ಅದಕ್ಕೇ ಒಂದು 'ಕ್ಲಿಕ್' ತಯಾರಿಸಿ ಒಳಗೆ ತುಂಬುತ್ತಾರೆ. ಆ ಕ್ಲಿಕ್ ತಯಾರಿಸುವವನು ನನ್ನ ಗಂಡ! ತವರೂರು ಕೋಬೆಯ ನನ್ನ ಇಂಗ್ಲಿಷ್ ಶಾಲೆಯ ಗೆಳತಿಯರಿಗೆ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ.

ಈ ಊರು ಒಕಾಯಾ, ಸರೋವರದ ದಡದಲ್ಲಿದೆ. ಚಳಿ ಎಂದರೆ ಚಳಿ. ಬೆಳಿಗ್ಗೆ ಒದ್ದೆ ಬಟ್ಟೆ ಹೊರಗೆ ಹಾಕಿದೆ, ಮಧ್ಯಾಹ್ನ ತಾಕುಮಾನ ಪೈಜಾಮ ತಾನೇ ಎದ್ದು ನಿಂತಿತ್ತು. ಅದರ ಫೋಟೋ ಹದಿನೇಳು ತೆಗೆದೆ. ಸರೋವರದ್ದು ಇನ್ನೂರು. ಒಟ್ಟು ಇವತ್ತು ಫೋನಿನಲ್ಲಿ 412 ಫೋಟೋ!

ಅತ್ತೆಯ ಬಗ್ಗೆ ನಾಳೆ ಬರೆಯುತ್ತೇನೆ. ಸಂತೋಷದ ದಿನ ಹಾಳಾಗಬಾರದು.

ಜನವರಿ 6

ಸರಿ, ಅತ್ತೆ.

ಹೆಸರು ಫುಸಾಯೆ. ಎಪ್ಪತ್ತಮೂರು ವರ್ಷ, ನನ್ನ ಭುಜದವರೆಗೂ ಬರುವುದಿಲ್ಲ, ಬೆನ್ನು ಮಾತ್ರ ನೆಟ್ಟಗೆ. ಊರಿನ ಕ್ಯಾಮೆರಾ ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಶಟರ್, ಅಂದರೆ ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಕದ, ಜೋಡಿಸಿದವರು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ದಕ್ಷಿಣದ ಕೋಣೆಯಲ್ಲಿ ಮೇಜು ಹಾಕಿಕೊಂಡು ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡುತ್ತಾರೆ. ಹಳೆಯದು ಅಂದರೆ ಬ್ಯಾಟರಿಯೇ ಇಲ್ಲದವು. ಸ್ಪ್ರಿಂಗು, ಹಲ್ಲಿನ ಚಕ್ರ, ಅಷ್ಟೇ. ಇಡೀ ಮನೆಯಲ್ಲಿ ಬಿಸಿಲು ಬರುವುದು ಆ ಕೋಣೆಗೆ ಮಾತ್ರ. ನಾನು ಮಕ್ಕಳಿಗೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಪಾಠ ಹೇಳುವುದು ಅಡುಗೆಮನೆಯ ಫ್ರಿಜ್ಜಿನ ಪಕ್ಕ, ಕೋಟು ಹಾಕಿಕೊಂಡು.

ಅದಿರಲಿ. ನನ್ನ ಕಷ್ಟ ಬೇರೆ. ಅತ್ತೆಗೆ ನನ್ನನ್ನು ಕಂಡರೆ ಆಗುವುದಿಲ್ಲ.

ಬೆಳಿಗ್ಗೆ "ಅತ್ತೇ, ಚೆನ್ನಾಗಿ ನಿದ್ದೆ ಬಂತಾ?" ಅಂದೆ. ಉತ್ತರವಿಲ್ಲ. "ಮಿಸೊ ಸಾರಿಗೆ ಮೂಲಂಗಿ ಹಾಕಲಾ?" ಉತ್ತರವಿಲ್ಲ. ತಾಕುಮಾ ಆಕಳಿಸುತ್ತ ಬಂದು ಗೊಗ್ಗರು ದನಿಯಲ್ಲಿ "ಅಮ್ಮ, ಉಪ್ಪಿನಕಾಯಿ" ಅಂದ ಕೂಡಲೇ ತಿರುಗಿ ತಟ್ಟೆ ಮುಂದೆ ತಳ್ಳಿದರು! ನಾನೇನು ಗೋಡೆಯೇ?

ತಾಕುಮಾನಿಗೆ ಹೇಳಿದೆ. "ಇಲ್ಲಿಯವರೇ ಹಾಗೆ ಕಣೇ. ಕೋಬೆಯವರು ಒಂದು ದಿನ ಆಡೋ ಮಾತು ಇಲ್ಲಿ ಒಂದು ಚಳಿಗಾಲಕ್ಕೆ ಸಾಕು" ಅಂದ.

ಇವತ್ತು ಅತ್ತೆ ನನ್ನೊಡನೆ ಆಡಿದ ಮಾತುಗಳು: ನಾಲ್ಕು. "ಬಾಗಿಲು ಹಾಕಮ್ಮ, ಚಳಿ. ಬೇಗ." ಚಳಿಗಾಲ ಮುಗಿಯುವುದರೊಳಗೆ ಇದನ್ನು ನೂರು ಮಾಡಿಸದಿದ್ದರೆ ನನ್ನ ಹೆಸರು ಒಗುಚಿ ಮಿಹೋ ಅಲ್ಲ.

ಜನವರಿ 7

ಬಾಗಿಲ ಗಂಟೆ ಮೂರು ಸಲ ಬಡಿಯಿತು. ಅತ್ತೆ ಮೇಜಿನಿಂದ ಅಲುಗಲೇ ಇಲ್ಲ. ಸೊಸೆ ಬಂದಿದ್ದಾಳಲ್ಲ, ಇನ್ನು ಬಾಗಿಲು ತೆಗೆಯುವುದು ಅವಳ ಕೆಲಸ ಅಂತ ಇರಬೇಕು. ರಾಣಿ!

ಬಂದವರು ಮಿಯಾಸಾಕಾ ತಾತ. ಎಂಬತ್ತೆರಡು ವರ್ಷ, ಮೂಗಿನ ತುದಿಯಲ್ಲಿ ಸದಾ ಒಂದು ಹನಿ. ಚಳಿಗಾಲದ ಈ ಒಂದು ತಿಂಗಳು, ಫೆಬ್ರುವರಿ ಮೂರರವರೆಗೆ, ಊರಿನ ಕೆಲವರು ದಿನಾ ಬೆಳಗಿನ ಜಾವ ಸರೋವರದ ದಡಕ್ಕೆ ಹೋಗಿ ನೀರು ಹೆಪ್ಪುಗಟ್ಟಿತೋ ಇಲ್ಲವೋ ನೋಡುತ್ತಾರೆ. ಪೂರ್ತಿ ಹೆಪ್ಪುಗಟ್ಟಿದರೆ ಹಿಮ ಸೀಳಿ ಉದ್ದಕ್ಕೆ ಗೋಡೆಯ ಹಾಗೆ ಏಳುತ್ತದೆ. ದೇವರು ನಡೆದ ದಾರಿ ಅದು. ತಾತ ಹೋದಾಗಲೆಲ್ಲ ಒಂದೇ ಒಂದು ಫೋಟೋ ತೆಗೆಯುತ್ತಾರಂತೆ, ಮೂವತ್ತೊಂಬತ್ತು ವರ್ಷದಿಂದ, ಒಂದೇ ಕ್ಯಾಮೆರಾದಲ್ಲಿ. ದಿನಕ್ಕೆ ಒಂದು! ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟು ತೆಗೆಯುತ್ತೇನೆ.

"ಹೊಸ ಸೊಸೆನಾ? ಫುಸಾಯೆ, ನಿನಗಿಂತ ಎತ್ತರ ಇದ್ದಾಳಲ್ಲೇ!"

"ನನಗಿಂತ ಗಿಡ್ಡ ಇರೋರು ಸ್ಕೂಲಿಗೆ ಹೋಗ್ತಿದ್ದಾರೆ" ಅಂದರು ಅತ್ತೆ. ಅತ್ತೆ ತಮಾಷೆ ಮಾಡುತ್ತಾರೆ! ಬೇರೆಯವರೊಡನೆ!

ಸಂಜೆ ಒಯ್ಯುತ್ತೇನೆ, ಒಮ್ಮೆ ನೋಡಿಡು ಅಂತ ಕ್ಯಾಮೆರಾ ಬಿಟ್ಟು ತಾತ ಹೋದ ಮೇಲೆ ಚಹಾ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಅತ್ತೆ ಆ ಕ್ಯಾಮೆರಾವನ್ನು ಕೆನ್ನೆಯ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಶಟರ್ ಒತ್ತಿದರು. ಮತ್ತೆ ಒತ್ತಿದರು. ಮತ್ತೆ. ಮಗುವನ್ನು ಅಪ್ಪಿಕೊಂಡ ಹಾಗೆ! ಹಳೆಯ ಕ್ಯಾಮೆರಾಗೆ ಇಷ್ಟು ಮುದ್ದು, ಹೊಸ ಸೊಸೆಗೆ ಇಲ್ಲ. ಆಮೇಲೆ ಸೂಜಿಯ ತುದಿಯಲ್ಲಿ ಒಂದು ಹನಿ ಎಣ್ಣೆ ಬಿಟ್ಟರು. ಸ್ವಲ್ಪ ಯೋಚಿಸಿ ಇನ್ನೊಂದು ಹನಿ.

ಜನವರಿ 10

ಊಟದ ಹೊತ್ತಿಗೆ ಯುದ್ಧ! ಎಷ್ಟು ಚೆನ್ನಾಗಿತ್ತು!

ತಾಕುಮಾ ತನ್ನ ಕಂಪನಿಯ ಹೊಸ ಕ್ಯಾಮೆರಾ ತಂದಿದ್ದ. ಸೆಕೆಂಡಿಗೆ ನಲವತ್ತು ಫೋಟೋ, ಹಾರುವ ಹಕ್ಕಿಯ ಕಣ್ಣನ್ನು ತಾನೇ ಹುಡುಕುತ್ತದೆ. ನಾನು ಹುಚ್ಚಿಯಂತೆ ಕುಣಿದೆ. ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಸ್ಕ್ರೂ ಎಲ್ಲಿದೆ?"

"ಕಾಣಲ್ಲಮ್ಮ. ಬಿಚ್ಚೋ ಹಾಗಿಲ್ಲ."

"ಕೆಟ್ಟರೆ?"

"ಕೆಡಲ್ಲ."

"ನೀನು ಕೆಲಸಕ್ಕೆ ಸೇರಿದಾಗ ಮೊದಲು ಮಾಡಿದ ಕ್ಯಾಮೆರಾ ತಗೊಂಡ್ಬಾ."

ತಾಕುಮಾನ ಚೆಂದದ ಕಿವಿ ಕೆಂಪಾಯಿತು. ಅದು ಕಪಾಟಿನಲ್ಲಿದೆ. ಒಂಬತ್ತು ವರ್ಷ ಹಳೆಯದು. ಅದರ ಬ್ಯಾಟರಿ ತಯಾರಿಸುವುದನ್ನೇ ನಿಲ್ಲಿಸಿದ್ದಾರೆ. ಈಗ ಅದನ್ನು ಒರಿಗಾಮಿ ಕಾಗದ ಹಾರದಂತೆ ಭಾರ ಇಡಲು ಬಳಸುತ್ತೇವೆ. ನಾನೇ ನಿನ್ನೆ ಇಟ್ಟಿದ್ದೆ!

"ಆದರೆ ಅದರಲ್ಲಿ ತೆಗೆದ ಫೋಟೋ ಎಲ್ಲ ಇವೆಯಲ್ಲ" ಅಂದ ತಾಕುಮಾ. "ನೀನು ಮಿಯಾಸಾಕಾ ತಾತನ ಕ್ಯಾಮೆರಾ ಮೂವತ್ತೊಂಬತ್ತು ವರ್ಷ ಬದುಕಿಸಿದೀಯ. ನಮ್ಮದು ಅಷ್ಟರಲ್ಲಿ ಜನಕ್ಕೆ ರಾತ್ರಿ ಬೆಳದಿಂಗಳಲ್ಲಿ ಫೋಟೋ ತೆಗೆಯೋದು ಕಲಿಸ್ತು. ಎರಡೂ ಕೆಲಸವೇ ಅಮ್ಮ."

"ನಿನ್ನದು ಕೆಟ್ಟದ್ದು ಅಂತ ನಾನೆಲ್ಲಿ ಅಂದೆ? ಚೆನ್ನಾಗೇ ಇದೆ. ಅದು ನಿಂತ ದಿನ ಯಾರ ಕೈಯೂ ಅದರೊಳಗೆ ಹೋಗಲ್ಲ, ಅಷ್ಟೇ. ನನ್ನದು ನಿಂತರೆ ಕೈ ಹಾಕಬಹುದು."

"ಕೈ ಇರೋವರೆಗೂ" ಅಂದ ತಾಕುಮಾ, ನಗುತ್ತ.

ಅತ್ತೆ ನಗಲಿಲ್ಲ. ನಾನು ಮಾತ್ರ ಈ ಇಡೀ ಜಗಳವನ್ನು ವಿಡಿಯೋ ಮಾಡಿ ಅಮ್ಮನಿಗೆ ಕಳಿಸಿದೆ. ಕೋಬೆಯಿಂದ ಎರಡು ನಿಮಿಷದಲ್ಲಿ ಉತ್ತರ: "ನಿನ್ನ ಅತ್ತೆ ಗೆದ್ದರು."

ಜನವರಿ 19

ಇವತ್ತು ನಡೆದದ್ದನ್ನು ಹೇಗೆ ಬರೆಯಲಿ, ನನಗೆ ಖುಷಿಯಾಗಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಮಿಯಾಸಾಕಾ ತಾತ ಬಂದರು. ಹನ್ನೊಂದು ಫೋಟೋಗಳನ್ನು ಬಿಸಿಮೇಜಿನ ಮೇಲೆ ಸಾಲಾಗಿ ಇಟ್ಟರು. ಹನ್ನೊಂದೂ ಬೆಳ್ಳಗೆ. ಸುಣ್ಣ ಬಳಿದ ಗೋಡೆಯ ಹಾಗೆ. ಬೆಳಗಿನ ಮಬ್ಬಿನಲ್ಲಿ ಶಟರ್ ಒಂದು ಸೆಕೆಂಡ್ ತೆರೆದಿರಬೇಕು, ಅದು ಮೂರೋ ನಾಲ್ಕೋ ಸೆಕೆಂಡ್ ತೆರೆದೇ ಇತ್ತಂತೆ.

"ತಪ್ಪು ನಂದೇ ಇರಬಹುದು" ಅಂದರು ತಾತ. ಅವರದಲ್ಲ ಅಂತ ಅವರಿಗೂ ಗೊತ್ತು, ಅತ್ತೆಗೂ ಗೊತ್ತು, ಮೂಗಿನ ತುದಿಯ ಹನಿಗೂ ಗೊತ್ತು.

ಈ ಚಳಿಗಾಲದಲ್ಲಿ ರಿಪೇರಿಯಾಗಿ ಹೋಗಿ ಹೀಗೆ ವಾಪಸ್ ಬಂದ ಕ್ಯಾಮೆರಾ ಇದು ಮೂರನೆಯದಂತೆ. ತಾತ ಹೇಳುವುದೋ ಬೇಡವೋ ಅಂತ ಟೋಪಿ ತಿರುಗಿಸುತ್ತ ಹೇಳಿದರು, "ಟೋಕಿಯೋದಲ್ಲಿ ರಿಪೇರಿಯವರು ಒಬ್ಬರು ಇದ್ದಾರಂತೆ, ಫುಸಾಯೆ. ನೀನು ಬೇಜಾರು ಮಾಡ್ಕೋಬೇಡ."

ಅತ್ತೆ ಅಡ್ಡಿಯಿಲ್ಲ ಅನ್ನುವಂತೆ ತಲೆ ಆಡಿಸಿದರು. "ಒಂದು ವಾರ ಇಲ್ಲೇ ಬಿಟ್ಟು ಹೋಗಿ. ಕೊನೇ ಸಲ ನೋಡ್ತೀನಿ." ತಾಕುಮಾ ಅಲ್ಲಿಯವರೆಗೆ ತನ್ನ ಹೊಸ ಕ್ಯಾಮೆರಾವನ್ನು ತಾತನ ಕೊರಳಿಗೆ ಹಾಕಿ ಕಳಿಸಿದ.

ಸಂಜೆ ಅತ್ತೆ, ಸಾರು ಬಡಿಸುತ್ತ, ಮಾಮೂಲಿ ದನಿಯಲ್ಲಿ ಅಂದರು: "ಫೆಬ್ರುವರಿ ಮೂರಕ್ಕೆ ಮೇಜು ತೆಗೆದುಬಿಡೋಣ. ಕಣ್ಣು ಸಾಲ್ತಿಲ್ಲ. ಆ ಕೋಣೆ ಮಿಹೋಗೆ ಇರಲಿ. ಫ್ರಿಜ್ ಪಕ್ಕ ಕೂತು ಹುಡುಗಿ ನೀಲಿ ಆಗ್ತಿದ್ದಾಳೆ."

ನನ್ನ ಹೆಸರು ಹೇಳಿದರು! ನನಗೆ ಬಿಸಿಲಿನ ಕೋಣೆ! ಅತ್ತೆಗೆ ಇಂಥ ದಿನ, ನನಗೆ ಇಂಥ ಖುಷಿ. ನಾನು ಕೆಟ್ಟವಳಾ? ಇರಬೇಕು. ರಾತ್ರಿಯೇ ಪರದೆ ಆರ್ಡರ್ ಮಾಡಿದೆ.

ಜನವರಿ 20

ಪರದೆ ನಿಂಬೆಹಣ್ಣಿನ ಬಣ್ಣದ್ದು!! ಹತ್ತು ದಿನದಲ್ಲಿ ಬರುತ್ತದೆ.

ಜನವರಿ 22

ವಿಚಿತ್ರ ಸಂಗತಿ.

ತಾಕುಮಾ ಹೊಸ ಕ್ಯಾಮೆರಾಗೆ ಮೂರು ಕ್ಲಿಕ್ ತಯಾರಿಸಿದ್ದಾನೆ, ನಾಳೆ ಆಫೀಸಿನಲ್ಲಿ ಒಂದನ್ನು ಆರಿಸಬೇಕು. ಪುಟ್ಟ ಸ್ಪೀಕರ್ ತಂದು ಅತ್ತೆಯ ಮುಂದೆ ಇಟ್ಟ. "ಅಮ್ಮ, ನಿನ್ನ ಕಿವಿಗಿಂತ ದೊಡ್ಡ ಪರೀಕ್ಷೆ ಇಲ್ಲ" ಅಂದ.

ಒಂದನೆಯದು ನುಡಿಸಿದ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ಎರಡನೆಯದು. ಮೂರನೆಯದು. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು, ತಾಕುಮಾ ಅದನ್ನು ಕಿವಿಗಿಟ್ಟುಕೊಂಡು ಹಜಾರಕ್ಕೆ ಹೋದ.

"ಎರಡನೆಯದು" ಅಂದರು ಅತ್ತೆ. "ತೂಕ ಇದೆ. ಒಂದನೆಯದು ತಗಡು."

ಹಜಾರದಿಂದ ತಾಕುಮಾ ಹೆಬ್ಬೆರಳು ಎತ್ತಿದ.

ನಾನು ಸ್ಪೀಕರ್ ಎತ್ತಿಡಲು ಹೋದೆ. ದೀಪ ಆರಿತ್ತು. ಒಂದನೆಯ ಕ್ಲಿಕ್ ಬಂದದ್ದು ನಾನು ಕೇಳಿದ್ದೆ. ಎರಡು ಮತ್ತು ಮೂರರ ಹೊತ್ತಿಗೆ ನಾನು ತಾಕುಮಾನ ಕುತ್ತಿಗೆ ನೋಡುತ್ತಿದ್ದೆ, ಅದಕ್ಕೇ ಕೇಳಿಸಲಿಲ್ಲ ಅಂದುಕೊಂಡಿದ್ದೆ. ಅಲ್ಲ. ಬ್ಯಾಟರಿ ಸತ್ತಿತ್ತು. ಎರಡೂ ಇಲ್ಲ, ಮೂರೂ ಇಲ್ಲ, ಯಾವ ಶಬ್ದವೂ ಬಂದಿರಲಿಲ್ಲ.

ಹಾಗಾದರೆ ಅತ್ತೆ ಆರಿಸಿದ್ದು ಏನನ್ನು?

ಜನವರಿ 23

ಪರೀಕ್ಷೆ ಮಾಡಿದೆ!

ಅತ್ತೆ ಮೇಜಿನ ಮುಂದೆ, ನನಗೆ ಬೆನ್ನು. ನನ್ನ ಮಾಮೂಲಿ ದನಿಯಲ್ಲಿ, ಶಾಲೆಯ ಹಾಡಿನ ತಂಡದಲ್ಲಿ ಎಲ್ಲರಿಗಿಂತ ಮೇಲಿನ ಸ್ವರ ಹಾಡುತ್ತಿದ್ದ ಈ ನನ್ನ ದನಿಯಲ್ಲಿ, "ಅತ್ತೇ, ಅಡುಗೆಮನೆಗೆ ಬೆಂಕಿ ಬಿದ್ದಿದೆ" ಅಂದೆ. ಚಿಮಟದಲ್ಲಿ ಸ್ಪ್ರಿಂಗ್ ಹಿಡಿದವರು ಹಾಗೇ ಇದ್ದರು. "ಅತ್ತೇ, ನಾನು ನಿಮ್ಮ ಮಗನನ್ನು ಬಿಟ್ಟು ಸರ್ಕಸ್ಸಿಗೆ ಸೇರ್ತೀನಿ." ಏನೂ ಇಲ್ಲ.

ಆಮೇಲೆ ಗದ್ದ ಎದೆಗೆ ಒತ್ತಿ, ಹೊಟ್ಟೆಯಿಂದ, ಎತ್ತಿನ ದನಿಯಲ್ಲಿ: "ಅತ್ತೆ. ಚಹಾ."

"ಇಡಮ್ಮ ಅಲ್ಲಿ" ಅಂದರು!

ನಾನು ಹೊರಗೆ ಓಡಿ ಬಂದು ಹಿಮದಲ್ಲಿ ಕುಣಿದೆ, ಚಪ್ಪಲಿ ಇಲ್ಲದೆ! ಅತ್ತೆಗೆ ನನ್ನನ್ನು ಕಂಡರೆ ಆಗುವುದಿಲ್ಲ ಅಂತ ಅಲ್ಲವೇ ಅಲ್ಲ! ಮೇಲಿನ ಸ್ವರ ಕೇಳಿಸುವುದೇ ಇಲ್ಲ! ನನ್ನ ದನಿ ಅವರ ಕಿವಿಯ ಮೇಲೆ ಹಾರಿ ಹೋಗುತ್ತದೆ! ಇಪ್ಪತ್ತು ದಿನ ನಾನು ಗೋಡೆಯಾಗಿರಲಿಲ್ಲ, ಹಕ್ಕಿಯಾಗಿದ್ದೆ ಅಷ್ಟೇ! ಎದುರುಮನೆಯಾಕೆ ಹಿಮ ಗುಡಿಸುವುದನ್ನು ನಿಲ್ಲಿಸಿ ನೋಡಿದರು. ಕೈ ಬೀಸಿದೆ.

ಕಾಲು ಕಾಯಿಸಿಕೊಳ್ಳುತ್ತ ಕೂತಾಗ ಉಳಿದದ್ದು ಹೊಳೆಯಿತು. ಕೆನ್ನೆಯ ಮೂಳೆಗೆ ಕ್ಯಾಮೆರಾ ಒತ್ತಿಕೊಂಡಿದ್ದು. ಮುದ್ದು ಅಂತ ಬರೆದೆನಲ್ಲ, ಹಿಂದಿನ ಪುಟದಲ್ಲಿ. ಅದು ಮುದ್ದಲ್ಲ. ಮೂಳೆಯಿಂದ ಕೇಳಲು ನೋಡುತ್ತಿದ್ದರು.

ಆ ವಾಕ್ಯ ಹೊಡೆದು ಹಾಕಲು ಹೋದೆ. ಆಮೇಲೆ ಇರಲಿ ಅಂತ ಬಿಟ್ಟೆ.

ಜನವರಿ 24

ಎತ್ತಿನ ದನಿಯಲ್ಲಿ ಮಾತಾಡುತ್ತಲೇ ಅವರ ಪಕ್ಕ ಕೂತೆ. ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು.

"ಗಂಟಲು ಕೆಟ್ಟಿದೆಯಾ?"

"ಇಲ್ಲ ಅತ್ತೆ."

ಸ್ವಲ್ಪ ಹೊತ್ತು ಚಿಮಟವನ್ನೇ ಒರೆಸಿದರು. "ಯಾವಾಗ ಗೊತ್ತಾಯ್ತು?"

"ಎರಡನೇ ಕ್ಲಿಕ್ ಬರಲೇ ಇಲ್ಲ ಅತ್ತೆ. ಸ್ಪೀಕರ್ ಸತ್ತಿತ್ತು."

"ಹಾಳಾದ ಬ್ಯಾಟರಿ" ಅಂದರು. ಆಮೇಲೆ ನಕ್ಕರು, ಭುಜ ಅಲ್ಲಾಡುವಂತೆ. "ನೋಡು, ಸತ್ತು ಕೂಡ ನನ್ನ ಮಾನ ತೆಗೀತು!"

ಮೂರು ವರ್ಷದಿಂದ ಹೀಗಂತೆ. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಬಾಗಿಲ ಗಂಟೆ, ಹೋದ ವರ್ಷದಿಂದ ಶಟರ್. ಕಣ್ಣು ಸೂಜಿಯ ಹಾಗಿದೆ, ಕಣ್ಣಿನ ಮೇಲೆ ಸುಳ್ಳು ಹೇಳಿದರಂತೆ. ಕಿವಿಗೆ ಯಂತ್ರ ಹಾಕಿಕೊಳ್ಳಬಹುದಲ್ಲ ಅಂದೆ. "ಕಿವಿಯೊಳಗೂ ಬ್ಯಾಟರಿನಾ? ನನ್ನ ಮಗ ಗೆದ್ದ ಹಾಗೆ ಆಗುತ್ತಲ್ಲೇ!" ಎರವಲು ತಂದು ಒಂದು ಸಲ ಹಾಕಿ ನೋಡಿದ್ದರಂತೆ. ಮಾತು ಕೇಳಿಸಿತು, ಶಟರ್ ಮಾತ್ರ ಬಕೆಟ್ಟಿನಲ್ಲಿ ಚಮಚ ಬಿದ್ದ ಹಾಗಿತ್ತು.

"ತಾಕುಮಾಗೆ ಹೇಳಬೇಡ. ಅವನು ಐದು ವರ್ಷದವನಿದ್ದಾಗ ಈ ಮೇಜಿನ ಕೆಳಗೇ ಕೂತಿರ್ತಿದ್ದ. ನಾನು ಶಟರ್ ಒತ್ತೋದು, ಅವನು ಕೆಳಗಿನಿಂದ 'ಅರ್ಧ ಸೆಕೆಂಡ್!' 'ಒಂದು ಸೆಕೆಂಡ್!' ಅಂತ ಕೂಗೋದು. ಅವನ ಕಿವಿ ನಾನು ಮಾಡಿದ್ದು."

ಹೇಳಲ್ಲ ಅಂದೆ. ಇವತ್ತಿನ ಮಾತು ಎಣಿಸಲು ಮರೆತೆ.

ಜನವರಿ 25

ನಾನು ಅತ್ತೆಯ ಕಿವಿ! ಅಲ್ಲ, ಕಿವಿ ಮತ್ತು ಬಾಯಿ!

ಹೀಗೆ ಶುರುವಾಯಿತು. ಕಾರ್ಖಾನೆಯಲ್ಲಿ ಹುಡುಗಿಯರು ಒಂದು ಸೆಕೆಂಡಿನ ಶಟರ್‌ಗೆ 'ಜೀರುಂಡೆ' ಅನ್ನುತ್ತಿದ್ದರಂತೆ. ಶಟರ್ ತೆರೆದ ಮೇಲೆ ಒಳಗಿನ ಹಲ್ಲಿನ ಚಕ್ರಗಳನ್ನು ಒಂದು ಪುಟ್ಟ ಕೊಕ್ಕೆ ತಡೆತಡೆದು ಬಿಡುತ್ತದೆ. ಅದು ಜೀ ಅಂತ ಹಾಡುತ್ತದೆ, ಹಾಡು ಮುಗಿದಾಗ ಶಟರ್ ಮುಚ್ಚುತ್ತದೆ. "ಪರೀಕ್ಷೆ ಮಾಡೋ ಯಂತ್ರ ಇದೆ, ಎಷ್ಟು ತಡ ಅಂತ ಅದು ಹೇಳುತ್ತೆ. ಯಾಕೆ ತಡ ಅಂತ ಜೀರುಂಡೆನೇ ಹೇಳಬೇಕು."

ನಾನು ತಾತನ ಕ್ಯಾಮೆರಾ ಕಿವಿಗಿಟ್ಟು ಕೇಳಿ, ಕೇಳಿದ್ದನ್ನು ಎತ್ತಿನ ದನಿಯಲ್ಲಿ ಬಾಯಲ್ಲಿ ಮಾಡಿ ತೋರಿಸಬೇಕು. ಅತ್ತೆ ನನ್ನ ತುಟಿ ನೋಡುತ್ತಾರೆ, ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಟ್ಟುಕೊಳ್ಳುತ್ತಾರೆ. ಅಂಗೈ ಎಷ್ಟು ಬೆಚ್ಚಗಿದೆ!

"ಜ್ರ್‌ರ್‌ರ್‌ರ್‌ರ್–ಟಕ್."

"ಮತ್ತೆ."

"ಜ್ರ್‌ರ್‌ರ್‌ರ್‌ರ್–ಟಕ್."

"ಸರಿಯಾಗೇ ಇದೆಯಲ್ಲೇ! ನೀನು ಸುಳ್ಳು ಹೇಳ್ತಿಲ್ಲ ತಾನೆ?"

"ಅತ್ತೆ! ನಾನು ಎತ್ತು, ಸುಳ್ಳುಗಾರ್ತಿ ಅಲ್ಲ."

ಯಂತ್ರವೂ ಒಂದು ಸೆಕೆಂಡ್ ಅಂತಲೇ ತೋರಿಸಿತು. ಅತ್ತೆ ಕಿಟಕಿಯ ಹೊರಗೆ ಸರೋವರದ ಕಡೆ ನೋಡಿದರು. "ಇಲ್ಲಿ ಸರಿ. ಅಲ್ಲಿ ತಪ್ಪು. ಇಲ್ಲಿ ಬಿಸಿಲಿದೆ" ಅಂದರು. ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಟ್ಟರು. ಬೆಳಿಗ್ಗೆ ಆರಕ್ಕೆ ಏಳಬೇಕಂತೆ.

ಜನವರಿ 26

ಎದ್ದೆ! ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಜಗಲಿಯಲ್ಲಿ ನಾವಿಬ್ಬರೂ, ಒಂದೇ ರಜಾಯಿ ಹೊದ್ದು. ಕ್ಯಾಮೆರಾ ಕಿವಿಗಿಟ್ಟರೆ ಕಿವಿ ಅಂಟಿಕೊಳ್ಳುವಷ್ಟು ತಣ್ಣಗೆ. ಅತ್ತೆ ಶಟರ್ ಒತ್ತಿದರು.

"ಜ್ರ್‌ರ್… ಜ್ರ್… ಜ್… ಜ್… … ಜ್ರ್–ಟಕ್."

ನನ್ನ ಗಂಟಲಿನ ಮೇಲಿದ್ದ ಅಂಗೈ ನಿಂತಿತು. "ಇನ್ನೊಮ್ಮೆ. ನಿಧಾನ ಆಗೋದು ಮೊದಲಾ ಕೊನೆಗಾ?"

"ಮಧ್ಯದಿಂದ. ಕೆಸರಲ್ಲಿ ಕಾಲು ಹೂತ ಹಾಗೆ."

"ಕೆಸರು" ಅಂದರು ಅತ್ತೆ. ಮತ್ತೆ ಮತ್ತೆ ಮಾಡಿಸಿದರು. ನಾನು ಹದಿನೈದು ಸಲ ಜೀರುಂಡೆಯಾದೆ, ಒಮ್ಮೆ ಉಗುಳು ರಜಾಯಿಯ ಮೇಲೆ ಬಿತ್ತು. ಎದುರುಮನೆಯಾಕೆ ಇವತ್ತೂ ಹಿಮ ಗುಡಿಸುವುದನ್ನು ನಿಲ್ಲಿಸಿದರು.

ಅಡುಗೆಮನೆಗೆ ಬಂದು ಕೂತ ಮೇಲೆ ಅತ್ತೆ ಹೇಳಿದರು. ಆ ಕೊಕ್ಕೆಗೆ ಎಣ್ಣೆ ಹಾಕಲೇಬಾರದು, ಅದು ಒಣಗಿರಬೇಕು. ಸೇರಿದ ಮೊದಲ ವಾರವೇ ಹುಡುಗಿಯರಿಗೆ ಕಲಿಸುವುದು ಅದನ್ನು. ಬಿಸಿಲಿನ ಕೋಣೆಯಲ್ಲಿ ಎಣ್ಣೆ ಎಣ್ಣೆಯೇ, ಸರೋವರದ ದಡದಲ್ಲಿ ಅದು ಅಂಟು.

"ಯಾರು ಹಾಕಿದ್ದು ಅತ್ತೆ?"

"ನಾನೇ. ಜೀರುಂಡೆ ಕೇಳಿಸಲಿಲ್ಲ. ಗಂಟಲು ಒಣಗಿದೆಯೇನೋ ಅಂತ ಒಂದು ಹನಿ ಬಿಟ್ಟೆ. ಭಯಕ್ಕೆ ಇನ್ನೊಂದು."

ಎರಡನೆಯ ಹನಿ ಬಿಟ್ಟಾಗ ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಅವರ ಬಟ್ಟಲಿಗೆ ಇನ್ನಷ್ಟು ಸಾರು ಬಡಿಸಿದೆ.

ಜನವರಿ 27

ಮಿಯಾಸಾಕಾ ತಾತ ದಾರಿಯಲ್ಲಿ ಸಿಕ್ಕರು. ತಾಕುಮಾನ ಕ್ಯಾಮೆರಾ ಕೊರಳಲ್ಲಿಲ್ಲ, ಕಂಕುಳಲ್ಲಿದೆ! ಚಳಿಗೆ ಬ್ಯಾಟರಿ ಮಲಗಿಬಿಡುತ್ತದಂತೆ. "ಮೊಟ್ಟೆಗೆ ಕಾವು ಕೊಟ್ಟ ಹಾಗೆ ಕೊಡ್ತೀನಮ್ಮ. ಎದ್ದರೆ ಒಳ್ಳೇ ಫೋಟೋನೇ ತೆಗೆಯುತ್ತೆ. ಏಳೋ ಹೊತ್ತಿಗೆ ಸೂರ್ಯ ಎದ್ದಿರ್ತಾನೆ."

ತಾಕುಮಾನಿಗೆ ಹೇಳಿದೆ. ಮುಖ ಸಪ್ಪೆ ಮಾಡಿಕೊಂಡು ನೋಟುಪುಸ್ತಕದಲ್ಲಿ ಬರೆದುಕೊಂಡ: 'ಕಂಕುಳು'. ಇವನನ್ನು ಮದುವೆಯಾದದ್ದು ನನ್ನ ಜೀವನದ ಅತ್ಯಂತ ಬುದ್ಧಿವಂತ ಕೆಲಸ.

ಜನವರಿ 28

ಕೊಕ್ಕೆಯನ್ನು ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕೂರಿಸಿದ್ದಾಯಿತು. ಬೆಳಿಗ್ಗೆ ಹೊರಗೆ ಕೇಳಿದೆ: ಜ್ರ್‌ರ್‌ರ್‌ರ್‌ರ್–ಟಕ್. ಮುಗ್ಗರಿಸದೆ, ಉದ್ದಕ್ಕೆ! ನನ್ನ ಬಾಯಲ್ಲಿ ಅದನ್ನು ಕೇಳಿದಾಗ ಅತ್ತೆ ಕಣ್ಣು ಮುಚ್ಚಿಕೊಂಡರು.

ತಾತ ಬಂದು ತೆಗೆದುಕೊಂಡು ಹೋದರು. ಟೋಕಿಯೋದ ವಿಳಾಸದ ಚೀಟಿ ಇನ್ನೂ ಅವರ ಟೋಪಿಯಲ್ಲಿತ್ತು, ನೋಡಿದೆ. ಫೆಬ್ರುವರಿ ಎರಡರವರೆಗೆ ತೆಗೆಯುತ್ತಾರೆ, ಮೂರಕ್ಕೆ ಫಿಲ್ಮ್ ತೊಳೆಸಿ ಫೋಟೋ ತರುತ್ತಾರೆ. ಅವೂ ಬೆಳ್ಳಗೆ ಬಂದರೆ ಮುಗಿಯಿತು.

ಹಿಂದೆ ವಾಪಸ್ ಬಂದ ಇನ್ನೆರಡು ಕ್ಯಾಮೆರಾ ಕಪಾಟಿನಲ್ಲಿದ್ದವು. ಸುಮ್ಮನೆ ಕಿವಿಗಿಟ್ಟು ನೋಡಿದೆ. ಒಂದು 'ಟ್ರಿಕ್-ಟ್ರಿಕ್' ಅನ್ನುತ್ತದೆ, ಎಲ್ಲೋ ಹಲ್ಲು ಸವೆದಿದೆ. ಇನ್ನೊಂದಕ್ಕೂ ಕೆಸರು. ಅತ್ತೆಗೆ ಹೇಳಿದೆ. "ಹೌದಾ? ಯಾವ ಹಲ್ಲು?" ಅಂತ ನನ್ನನ್ನೇ ಕೇಳಿದರು! ಮೂರನೇ ಚಕ್ರ ಅಂದೆ. ಬಿಚ್ಚಿದರೆ ಮೂರನೇ ಚಕ್ರವೇ!

ಜನವರಿ 30

ಪರದೆ ಬಂತು. ನಿಂಬೆಹಣ್ಣಿನ ಬಣ್ಣ, ನೋಡಿದರೆ ಬಾಯಲ್ಲಿ ನೀರು.

ಮೇಜಿನ ಹಳೆಯ ಬಟ್ಟೆ ಕಂದು ಬಣ್ಣದ್ದು, ಸಾಸಿವೆಯಷ್ಟು ಸ್ಕ್ರೂ ಬಿದ್ದರೆ ಕಾಣುವುದೇ ಇಲ್ಲ. ಬೆಳಿಗ್ಗೆ ಒಂದನ್ನು ಮುಕ್ಕಾಲು ಗಂಟೆ ಹುಡುಕಿದೆವು, ಕೊನೆಗೆ ಅತ್ತೆಯ ಸಾಕ್ಸಿನಲ್ಲಿತ್ತು. ಪರದೆಯ ಒಂದು ಭಾಗ ಕತ್ತರಿಸಿ ಮೇಜಿಗೆ ಹಾಸಿದೆ. ಈಗ ಸ್ಕ್ರೂಗಳು ಹಳದಿಯ ಮೇಲೆ ಇರುವೆಯ ಹಾಗೆ ಎದ್ದು ಕಾಣುತ್ತವೆ! ಉಳಿದ ಭಾಗದಲ್ಲಿ ನಾಲ್ಕು ಒರೆಸುವ ಬಟ್ಟೆ ಆಯಿತು.

ತಾಕುಮಾಗೆ ಇತ್ತೀಚೆಗೆ ಒಂದು ಹೊಸ ಅಭ್ಯಾಸ. ಅಮ್ಮನೊಡನೆ ಮಾತಾಡುವ ಮೊದಲು ಮೇಜನ್ನು ಎರಡು ಸಲ ತಟ್ಟುತ್ತಾನೆ, ಎದುರಿಗೇ ಬಂದು ಕೂರುತ್ತಾನೆ. ಎಲ್ಲಿ ಕಲಿತನೋ. ಮುದ್ದಾಗಿದೆ.

ಫೆಬ್ರುವರಿ 2

ಬೆಳಗ್ಗೆ ಸೊನ್ನೆಗಿಂತ ಒಂಬತ್ತು ಕೆಳಗೆ. ಒಂದು ಕ್ಯಾಮೆರಾ ಕೇಳಿದೆ, ಚೆನ್ನಾಗಿದೆ. ನಾಳೆ ತಾತ ಬರುತ್ತಾರೆ. ಅತ್ತೆ ಸದ್ದಿಲ್ಲದೆ ಉಪಕರಣಗಳನ್ನು ಒಂದು ತಗಡಿನ ಡಬ್ಬಿಗೆ ಹಾಕುತ್ತಿದ್ದರು. ನಾನು ಸದ್ದಿಲ್ಲದೆ ಹೊರಗೆ ತೆಗೆಯುತ್ತಿದ್ದೆ. ಮೂರು ಸುತ್ತು ಹೀಗೇ ಆಯಿತು.

ಅಮ್ಮ ಲ್ಯಾಂಡ್‌ಲೈನಿಗೆ ಫೋನ್ ಮಾಡಿದ್ದಳು. ನಾಲ್ಕು ದಿನದಿಂದ ಫೋಟೋ ಬಂದಿಲ್ಲ, ಹುಷಾರಾಗಿದ್ದೀಯಾ ಅಂತ. ನನ್ನ ಫೋನ್ ಎಲ್ಲಿದೆ? ಹುಡುಕಬೇಕು.

ಫೆಬ್ರುವರಿ 3

ಬಂದರು!!

ಗಂಟೆ ಬಡಿದ ಕೂಡಲೇ ಅತ್ತೆಯ ಭುಜ ತಟ್ಟಿ ಓಡಿದೆ. ತಾತನ ಒಂದು ಕೈಯಲ್ಲಿ ಸರೋವರದ ಪುಟ್ಟ ಮೀನಿನ ಪೊಟ್ಟಣ, ಇನ್ನೊಂದರಲ್ಲಿ ಲಕೋಟೆ. ಬೂಟು ಕಳಚಲು ಒಂದು ಯುಗ ಮಾಡಿದರು. ಬಿಸಿಮೇಜಿನ ಮೇಲೆ ಐದು ಫೋಟೋ ಸಾಲಾಗಿ ಇಟ್ಟರು.

ನೀರು. ಕಪ್ಪು ನೀರು, ಮೇಲೆ ಬೆಳಗಿನ ಹಬೆ, ಆಚೆ ದಡದ ಒಂದೊಂದೇ ದೀಪ. ಐದೂ ದಿನ ಅದೇ ನೀರು. ಆದರೆ ಹಬೆ ಒಂದು ದಿನದ ಹಾಗೆ ಇನ್ನೊಂದು ದಿನ ಇಲ್ಲ. ನಾನು ಎಷ್ಟು ಹೊತ್ತು ನೋಡಿದೆನೋ, ಚಹಾ ಆರಿಹೋಯಿತು.

"ಈ ವರ್ಷವೂ ಸರೋವರ ಹೆಪ್ಪುಗಟ್ಟಲಿಲ್ಲ" ಅಂದರು ತಾತ. "ದೇವರು ನಡೀಲಿಲ್ಲ. ಆದರೆ ನಡೀಲಿಲ್ಲ ಅನ್ನೋದಕ್ಕೆ ಸಾಕ್ಷಿ ಇದೆ."

ಅತ್ತೆ ಫೋಟೋ ಮುಟ್ಟಲಿಲ್ಲ. ತಾತನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ತಾತನ ಮುಖಕ್ಕೆ ಮುಖ ಕೊಟ್ಟು, ಜೋರಾಗಿ, "ನನಗೆ ಕಿವಿ ಕೇಳಿಸಲ್ಲ, ಮಿಯಾಸಾಕಾ. ತಪ್ಪು ನಂದಾಗಿತ್ತು. ಈ ಸಲ ಕೇಳಿದ್ದು ಇವಳು" ಅಂದರು.

ತಾತ ಮೂಗು ಒರೆಸಿಕೊಂಡರು. ಟೋಪಿಯಿಂದ ಟೋಕಿಯೋದ ಚೀಟಿ ತೆಗೆದು ಅದರಲ್ಲೇ ಮೀನಿನ ಎಣ್ಣೆ ಒರೆಸಿದರು. "ನಿನಗೆ ಕೇಳಿಸಲ್ಲ ಅಂತ ಎರಡು ವರ್ಷದಿಂದ ಗೊತ್ತು. ಊರ ಹಬ್ಬದಲ್ಲಿ ನೀನು ಹಾಡುವಾಗ ಶ್ರುತಿ ಕೇಳಿದವರಿಗೆಲ್ಲ ಗೊತ್ತು. ಮುಂದಿನ ಜನವರಿಗೆ ತರ್ತೀನಿ."

"ಜನವರಿ ಬೇಡ ತಾತ, ಡಿಸೆಂಬರ್‌ನಲ್ಲೇ ತನ್ನಿ. ಮೊದಲ ಹಿಮ ಬಿದ್ದ ವಾರ. ಮೂರು ಬೆಳಗ್ಗೆ ಹೊರಗಿಟ್ಟು ಕೇಳಬೇಕು" ಅಂದೆ.

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಯಾಕೋ.

ಸಂಜೆ ಹುರಿದ ಸೋಯಾ ಕಾಳು ಎರಚುವ ಹಬ್ಬ. ಮನೆಯಲ್ಲಿ ಒಬ್ಬರು ಭೂತದ ಮುಖವಾಡ ಹಾಕಿಕೊಳ್ಳಬೇಕು, ಉಳಿದವರು ಕಾಳಿನಲ್ಲಿ ಹೊಡೆದು ಹೊರಗೆ ಅಟ್ಟಬೇಕು. ಪ್ರತಿ ವರ್ಷ ಭೂತ ತಾಕುಮಾ. ಈ ಸಲ ಮುಖವಾಡ ಕಿತ್ತುಕೊಂಡು ನಾನೇ ಹಾಕಿಕೊಂಡೆ. ಅತ್ತೆಯ ಹಿಂದಿನಿಂದ ಬಂದು, ಹೊಟ್ಟೆಯ ತಳದಿಂದ, ಈ ಹತ್ತು ದಿನ ಅಭ್ಯಾಸ ಮಾಡಿದ ದನಿಯಲ್ಲಿ ಗುಡುಗಿದೆ: "ಫುಸಾಯೇ! ನಿನ್ನ ಎಣ್ಣೆ ಡಬ್ಬಿ ಕೊಡು! ಎಲ್ಲ ಕುಡಿದುಬಿಡ್ತೀನಿ!"

ಅತ್ತೆ ಬೆಚ್ಚಿ ಹಾರಿದರು! ಕೇಳಿಸಿತು, ಒಂದೊಂದು ಅಕ್ಷರವೂ ಕೇಳಿಸಿತು! ತಿರುಗಿ ಒಂದು ಮುಷ್ಟಿ ಕಾಳು ನನ್ನ ಮುಖಕ್ಕೆ ಎರಚಿ, ನಗುತ್ತ ಕೆಮ್ಮುತ್ತ ಕೂಗಿದರು. ಕೂಗಬೇಕಾದದ್ದು 'ಭೂತ ಹೊರಗೆ, ಭಾಗ್ಯ ಒಳಗೆ' ಅಂತ. ಅತ್ತೆ ಕೂಗಿದ್ದು:

"ಭೂತ ಒಳಗೆ! ಭೂತ ಒಳಗ್ಗೇ!"

ತಾಕುಮಾ ಎರಡು ಸಲ ಮೇಜು ತಟ್ಟಿ, "ಅಮ್ಮ, ಸಂಪ್ರದಾಯ ಕೆಡಿಸ್ತಿದೀಯ" ಅಂದ. "ವಸಂತ ಬರಲಿ, ಕಿವಿ ಡಾಕ್ಟರ ಹತ್ರ ಹೋಗೋಣ. ಶಟರ್‌ಗೆ ಅಲ್ಲ, ನಮ್ಮ ಮಾತಿಗೆ." ಅತ್ತೆ ಅವನನ್ನು ನೋಡಿ, ನನ್ನನ್ನು ನೋಡಿ, "ನೀನು ಹೇಳಿದ್ಯಾ?" ಅಂದರು. ದೇವರಾಣೆ ನಾನು ಹೇಳಿಲ್ಲ! "ಸತ್ತ ಸ್ಪೀಕರ್ ಚಾರ್ಜಿಗೆ ಹಾಕಿದ್ದು ನಾನೇ ಅಲ್ವಾ ಅಮ್ಮ" ಅಂದ ತಾಕುಮಾ. ಅತ್ತೆ ಅವನ ತಲೆಯ ಮೇಲೂ ಒಂದು ಮುಷ್ಟಿ ಕಾಳು ಸುರಿದರು. "ಬ್ಯಾಟರಿ ಎಷ್ಟು ದಿನ ಬರುತ್ತೆ ಅಂತ ಕೇಳ್ಕೊಂಡು ಬಾ ಮೊದಲು" ಅಂದರು.

ವಯಸ್ಸಿನಷ್ಟು ಕಾಳು ತಿನ್ನಬೇಕು. ನಾನು ಇಪ್ಪತ್ತೊಂಬತ್ತು ತಿಂದೆ. ಅತ್ತೆ ಎಪ್ಪತ್ತಮೂರು ತಿನ್ನಲಾರೆ ಅಂತ ನಲವತ್ತನ್ನು ನನಗೆ ದಾಟಿಸಿದರು. ಹೊಟ್ಟೆ ಉಬ್ಬಿ ಡೊಳ್ಳಾಗಿದೆ. ಕಿಟಕಿಯ ಹೊರಗೆ ಎರಡು ಕ್ಯಾಮೆರಾ ಸುತ್ತಿ ಇಟ್ಟು ಬಂದೆ, ನಾಳೆಯೂ ಆರಕ್ಕೆ ಏಳಬೇಕು.

ಹಾಸಿಗೆ ಹಾಸುತ್ತ ತಾಕುಮಾ ಕೇಳಿದ, "ಹೌದೂ, ಇವತ್ತು ಮೂರನೇ ತಾರೀಕಲ್ವಾ? ನಿನ್ನ ಕೋಣೆ ಏನಾಯ್ತು?"

ಯಾವ ಕೋಣೆ ಅಂದೆ.

ಅವನು ಯಾಕೆ ಅಷ್ಟೊಂದು ನಕ್ಕನೋ ಗೊತ್ತಿಲ್ಲ. ನಗುವಾಗ ಅವನ ಕಿವಿ ಇನ್ನೂ ಚೆಂದ.